ಮನೆ ಮೊದಲು, ಕೊಳವೆ ಆಮೇಲೆ

ಮುಹೂರ್ತವಿದ್ದಷ್ಟೂ ದಿನ ಬೆಂಗಳೂರಿನ ಅಂಚಿನಲ್ಲಿ ಗೃಹಪ್ರವೇಶ. ಆ ಮನೆಗಳ ನಲ್ಲಿಗೆ ಕಾವೇರಿ ಬರುವುದು ಯಾವಾಗ? ಅಲ್ಲಿನ ಕೊಳಚೆ ಎಲ್ಲಿಗೆ ಹೋಗಬೇಕು? ಒಂದೊಂದು ಕಟ್ಟಡಕ್ಕೂ ಬಿಡಿಬಿಡಿಯಾಗಿ ಅನುಮತಿ ಕೊಡುವ ನಗರ, ಅವನ್ನೆಲ್ಲ ಒಟ್ಟು ಕೂಡಿಸಿ ನೋಡುವ ಕೆಲಸ ಮಾಡುತ್ತಿಲ್ಲ. ಬೇಸಿಗೆಯ ಟ್ಯಾಂಕರು, ಮಳೆಗಾಲದ ಟ್ರ್ಯಾಕ್ಟರು ಎರಡೂ ಹುಟ್ಟಿದ್ದು ಅಲ್ಲಿಂದ.

ಬೆಳಗಿನ ಜಾವ ಐದೂವರೆ. ಯುಗಾದಿ ಕಳೆದು ಮುಹೂರ್ತಗಳು ಶುರುವಾಗಿವೆ. ಸರ್ಜಾಪುರ ರಸ್ತೆಯ ಆಚೆ, ಮೊನ್ನೆಮೊನ್ನೆಯವರೆಗೂ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಹದಿನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಒಂಬತ್ತನೇ ಮಹಡಿಯ ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲಿಗೆ ರಂಗೋಲಿ.

ಹಾಲುಕ್ಕಿಸುವ ಮೊದಲು ಗಂಗೆ ಪೂಜೆ ಆಗಬೇಕು. ಬಾವಿಯಿಲ್ಲ, ಕೆರೆಯಿಲ್ಲ. ಅಡುಗೆಮನೆಯ ನಲ್ಲಿಗೇ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಮುತ್ತೈದೆಯರು ಕಳಶಕ್ಕೆ ನೀರು ತುಂಬಿಕೊಳ್ಳುತ್ತಾರೆ.

ಅದೇ ಹೊತ್ತಿಗೆ ಕೆಳಗೆ ಗೇಟಿನ ಬಳಿ ಟ್ಯಾಂಕರ್ ರಿವರ್ಸ್ ಬರುವ ಸದ್ದು. ಕಾವಲಿನವನು ಟಾರ್ಚು ಹಿಡಿದು ಸಂಪಿನ ಮುಚ್ಚಳ ಎತ್ತುತ್ತಾನೆ. ಮೇಲೆ ಕಳಶಕ್ಕೆ ತುಂಬಿದ ಗಂಗೆ ಹಿಂದಿನ ರಾತ್ರಿ ಇಂಥದೇ ಒಂದು ಟ್ಯಾಂಕರಿನಿಂದ ಇಳಿದವಳು.

ವರ್ತೂರು, ಹೊರಮಾವು, ತಣಿಸಂದ್ರ, ಬೇಗೂರು, ಬೆಂಗಳೂರಿನ ಯಾವ ಅಂಚಿಗೆ ಹೋದರೂ ಇಂಥ ಮುಂಜಾವು ಸಿಗುತ್ತದೆ. ಮನೆ ಕೊಂಡವರು ಇಪ್ಪತ್ತು ವರ್ಷದ ಸಾಲ ಹೊತ್ತಿದ್ದಾರೆ. ಊರಿನ ಜಮೀನು ಮಾರಿ ಬಂದವರಿದ್ದಾರೆ, ಒಡವೆ ಅಡವಿಟ್ಟವರಿದ್ದಾರೆ. ಸೂರು ಬೇಕಿತ್ತು, ಕೊಂಡರು. ಅವರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಆ ಸೂರಿನೊಳಗೆ ಬರಬೇಕಾದ ನೀರು, ಅಲ್ಲಿಂದ ಹೊರಹೋಗಬೇಕಾದ ಕೊಳಚೆ, ಮೇಲೆ ಸುರಿಯುವ ಮಳೆ, ಮುಂದಿನ ರಸ್ತೆ ಇವುಗಳ ಲೆಕ್ಕ ಹಾಕಬೇಕಿದ್ದವರು ಹಾಕಲಿಲ್ಲ. ಈ ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಬೀದಿಯಲ್ಲಿ ಹೊಳೆ, ನಲ್ಲಿಯಲ್ಲಿ ಹನಿಯಿಲ್ಲ

2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಯನ್ನು ಹೊರವರ್ತುಲ ರಸ್ತೆಯ ಆಸುಪಾಸಿನವರು ಮರೆತಿಲ್ಲ. ಬೆಳಗಾಗುವಷ್ಟರಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಎದೆಮಟ್ಟದ ನೀರು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಮುಂದೆ ಕಾರುಗಳು ತೇಲಿದವು. ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರಿನ ಟ್ರೈಲರ್ ಏರಿ ಕಚೇರಿಗೆ ಹೋದರು. ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು.

ಅದೇ ಮಳೆ ಇನ್ನೊಂದು ಕೆಲಸ ಮಾಡಿತ್ತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ, ಅಂದರೆ ಜಲಮಂಡಳಿಯವರು ಟಿ.ಕೆ. ಹಳ್ಳಿ ಎನ್ನುವ ಊರಲ್ಲಿ, ಪಕ್ಕದ ಹಳ್ಳ ಉಕ್ಕಿ ಪಂಪ್‌ಹೌಸಿಗೆ ನುಗ್ಗಿತು. ಕಾವೇರಿಯನ್ನು ನಗರಕ್ಕೆ ಎತ್ತಿ ಕಳಿಸುವ ಯಂತ್ರಗಳು ಮುಳುಗಿ ಪೂರೈಕೆ ನಿಂತಿತು. ಮನೆಯೊಳಗೆ ಮೊಣಕಾಲುದ್ದ ನೀರು ನಿಂತವರೇ ಕುಡಿಯುವ ನೀರಿಗಾಗಿ ಪರದಾಡಿದರು.

ಬೆಂಗಳೂರಿನ ಸ್ಥಿತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ದಿನ ಬೇರೊಂದಿಲ್ಲ. ನಗರ ನಿಂತಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ. ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ನೂರಾರು ಮೀಟರ್ ತಗ್ಗಿನಲ್ಲಿ ಹರಿಯುತ್ತಾಳೆ. ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪು ಮಾಡಿದರೆ ಮಾತ್ರ ಅವಳು ಮೇಲೇರುವುದು. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟಿನ ಬಿಲ್ಲು.

> ಹಂತ ಹಂತವಾಗಿ ಬಂದ ನೀರು
>
> 1890ರ ದಶಕ: ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ಮೊದಲ ಕೊಳವೆ ನೀರು
>
> 1933: ಅರ್ಕಾವತಿ–ಕುಮುದ್ವತಿ ಸಂಗಮದ ತಿಪ್ಪಗೊಂಡನಹಳ್ಳಿ ಜಲಾಶಯ
>
> 1974: ಕಾವೇರಿ ಒಂದನೇ ಹಂತ
>
> 1982: ಎರಡನೇ ಹಂತ
>
> 1993: ಮೂರನೇ ಹಂತ
>
> 2002, 2012: ನಾಲ್ಕನೇ ಹಂತದ ಎರಡು ಭಾಗಗಳು
>
> 2024: ಐದನೇ ಹಂತ. ದಿನಕ್ಕೆ 77.5 ಕೋಟಿ ಲೀಟರ್. ಮೊದಲ ನಾಲ್ಕೂ ಹಂತ ಸೇರಿ ಸಿಗುತ್ತಿದ್ದದ್ದು ಸುಮಾರು 145 ಕೋಟಿ ಲೀಟರ್

ಹದಿನೇಳು ವರ್ಷದ ಅಂತರ

2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಹಳ್ಳಿಗಳು ಒಂದೇ ದಿನದಲ್ಲಿ ನಗರವಾದವು. ತೆರಿಗೆ ಬಂತು, ಸೈಟಿನ ಬೆಲೆ ಏರಿತು, ಅಪಾರ್ಟ್‌ಮೆಂಟುಗಳು ಎದ್ದವು.

ಆ 110 ಹಳ್ಳಿಗಳಿಗೆಂದೇ ಯೋಜಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಆ ಹಳ್ಳಿಗಳಲ್ಲಿ 2007ರಲ್ಲಿ ಹುಟ್ಟಿದ ಮಗು ಆಗ ಪಿಯುಸಿ ಓದುತ್ತಿತ್ತು.

ಈ ನಡುವೆ ಜನ ಸುಮ್ಮನೆ ಕೂರುವಂತಿರಲಿಲ್ಲ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷ, 2011ರಲ್ಲಿ 96 ಲಕ್ಷ. ಹತ್ತೇ ವರ್ಷದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಮಂದಿ ಸೇರಿದರು. ಅವರಲ್ಲಿ ದೊಡ್ಡ ಭಾಗ ನೆಲೆಸಿದ್ದು ಹೊರವಲಯದಲ್ಲೇ. ಅವರಿಗೆ ನೀರು ಕೊಟ್ಟದ್ದು ಬೋರ್‌ವೆಲ್. ಮುನ್ನೂರು ಅಡಿಗೆ ಸಿಗುತ್ತಿದ್ದ ನೀರು ಐನೂರಕ್ಕೆ, ಎಂಟುನೂರಕ್ಕೆ ಇಳಿಯಿತು. ನಗರದ ಪೂರ್ವಭಾಗದಲ್ಲಿ ಈಗ ಸಾವಿರ ಅಡಿ ದಾಟಿದ ಕೊಳವೆಬಾವಿ ಸಾಮಾನ್ಯ.

ಈ ಏರ್ಪಾಡು ಎಷ್ಟು ದುರ್ಬಲ ಎಂಬುದನ್ನು 2024ರ ಮಾರ್ಚ್ ತೋರಿಸಿತು. ಹಿಂದಿನ ವರ್ಷದ ಮಳೆ ಕೈಕೊಟ್ಟಿತ್ತು. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿವೆಯೆಂದು ಸರ್ಕಾರವೇ ಒಪ್ಪಿಕೊಂಡಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ, ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರ್ ದರಕ್ಕೆ ಮಿತಿ ಹಾಕಬೇಕಾಯಿತು.

ಒಂದು ಸಣ್ಣ ಲೆಕ್ಕ ಮಾಡೋಣ. ಐನೂರು ಫ್ಲ್ಯಾಟುಗಳ ಒಂದು ಅಪಾರ್ಟ್‌ಮೆಂಟು, ಮನೆಗೆ ನಾಲ್ಕು ಜನ. ನಗರಗಳಿಗೆ ನಿಗದಿಯಾದ ತಲಾ 135 ಲೀಟರಿನ ಪ್ರಕಾರ ದಿನಕ್ಕೆ 2.7 ಲಕ್ಷ ಲೀಟರ್ ಬೇಕು. 6,000 ಲೀಟರಿನ ಟ್ಯಾಂಕರಾದರೆ 45 ಲೋಡು. ಅಷ್ಟು ಟ್ಯಾಂಕರುಗಳು ಓಡಾಡುವುದು ಹಳೆಯ ಎತ್ತಿನಗಾಡಿ ದಾರಿಗೆ ಡಾಂಬರು ಹಾಕಿದ ರಸ್ತೆಯಲ್ಲಿ. ನೀರು ತುಂಬಿಸಿಕೊಂಡು ಬರುವುದು ಪಕ್ಕದ ಹಳ್ಳಿಯ ತೋಟದ ಬೋರ್‌ವೆಲ್ಲಿನಿಂದ. ಬೇಸಿಗೆಯಲ್ಲಿ ಆ ರೈತನ ತೋಟವೂ ಒಣಗುತ್ತದೆ, ಅಪಾರ್ಟ್‌ಮೆಂಟಿನ ಸಂಪೂ ಖಾಲಿಯಾಗುತ್ತದೆ.

ಐದನೇ ಹಂತದ ನೀರು ಬಂದಮೇಲೂ ಕಷ್ಟ ಒಮ್ಮೆಲೇ ತೀರಲಿಲ್ಲ. ಸಂಪರ್ಕ ಪಡೆಯಲು ದೊಡ್ಡ ಅಪಾರ್ಟ್‌ಮೆಂಟುಗಳು ಕಟ್ಟಬೇಕಾದ ಶುಲ್ಕ ಲಕ್ಷಗಟ್ಟಲೆ, ಕೆಲವು ಕಡೆ ಕೋಟಿ ಮುಟ್ಟುತ್ತದೆ. ಬಿಲ್ಡರ್ ಕಟ್ಟಬೇಕೋ ನಿವಾಸಿಗಳ ಸಂಘ ಕಟ್ಟಬೇಕೋ ಎಂಬ ಜಗಳದಲ್ಲೇ ತಿಂಗಳುಗಳು ಕಳೆದವು. ಕೊನೆಗೆ ಜಲಮಂಡಳಿ 2025ರಲ್ಲಿ ಕಂತಿನಲ್ಲಿ ಕಟ್ಟುವ ‘ಸರಳ ಕಾವೇರಿ’ ಯೋಜನೆ ತಂದಿತು. ಮನೆ ಮಾರುವ ದಿನವೇ ಇತ್ಯರ್ಥವಾಗಬೇಕಿದ್ದ ಲೆಕ್ಕ ಅದು.

ಹೋಗುವ ನೀರಿನ ದಾರಿ

ಬರುವ ನೀರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹೋಗುವ ನೀರಿನ ಬಗ್ಗೆ ಮಾತು ಕಡಿಮೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಹೋಗುತ್ತದೆ. ಮೇಲೆ ಹೇಳಿದ ಐನೂರು ಮನೆಗಳಿಂದ ದಿನಕ್ಕೆ ಎರಡು ಲಕ್ಷ ಲೀಟರಿಗೂ ಹೆಚ್ಚು.

ಮುಖ್ಯ ಒಳಚರಂಡಿ ಇಲ್ಲದ ಕಡೆ ಅದು ಎಲ್ಲಿಗೆ ಹೋಗುತ್ತದೆ? ದೊಡ್ಡ ಅಪಾರ್ಟ್‌ಮೆಂಟುಗಳು ಸ್ವಂತ ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಕಟ್ಟಬೇಕೆಂಬ ನಿಯಮವಿದೆ. ಚೆನ್ನಾಗಿ ನಡೆಸುವವರಿದ್ದಾರೆ. ಶುದ್ಧಮಾಡಿದ ನೀರನ್ನು ಫ್ಲಶ್ಶಿಗೆ, ಗಿಡಗಳಿಗೆ ಬಳಸುತ್ತಾರೆ. ಆದರೆ ನೆಲಮಾಳಿಗೆಯ ಆ ಘಟಕವನ್ನು ನೋಡಿಕೊಳ್ಳಲು ನುರಿತ ಆಪರೇಟರ್ ಬೇಕು, ಹಗಲೂ ರಾತ್ರಿ ಕರೆಂಟು ಬೇಕು. ಎರಡರಲ್ಲಿ ಒಂದು ತಪ್ಪಿದರೂ ಕೊಳಚೆ ಪಕ್ಕದ ರಾಜಕಾಲುವೆಗೆ. ಸಣ್ಣ ಕಟ್ಟಡಗಳಿಗೆ ಅದೂ ಇಲ್ಲ. ಅವು ಪಿಟ್ಟು ತುಂಬಿದಾಗ ಗಾಡಿ ಕರೆಸುತ್ತವೆ, ಇಲ್ಲವೇ ರಾತ್ರಿ ಮೋರಿಗೆ ಬಿಡುತ್ತವೆ.

ಬೆಳ್ಳಂದೂರು ಕೆರೆ ಇದಕ್ಕೆಲ್ಲ ಸಾಕ್ಷಿ. ಸುಮಾರು 900 ಎಕರೆಯ ಆ ಕೆರೆ ದಶಕಗಳ ಕಾಲ ನಗರದ ಕೊಳಚೆ ನುಂಗಿತು. ನೊರೆ ಎದ್ದು ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಗೆ ಬೆಂಕಿ ಬಿತ್ತು. ನೀರಿಗೆ ಬೆಂಕಿ ಬಿದ್ದ ಊರು ಎಂಬ ಅಪಖ್ಯಾತಿ ನಮ್ಮ ಪಾಲಿಗೆ ಬಂತು. ಬೆಳ್ಳಂದೂರಿನಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹರಿದ ಆ ನೀರನ್ನು ನೆಚ್ಚಿಕೊಂಡವರು ಕೆಳಗಿನ ರೈತರು. ಇಲ್ಲಿ ಮನೆ ಕಟ್ಟಿದ ಪರಿಣಾಮ ತಮಿಳುನಾಡಿನವರೆಗೆ ಹರಿಯುತ್ತದೆ.

ಒಳ್ಳೆಯದೂ ಆಗಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ಕೊಡುವ ಯೋಜನೆ ಅದು. ನೀರಿನ ಗುಣಮಟ್ಟದ ಬಗ್ಗೆ ಕೋಲಾರದ ಜನ ಎತ್ತಿದ ಪ್ರಶ್ನೆಗಳು ನ್ಯಾಯವಾದವು, ಅವಕ್ಕೆ ಉತ್ತರ ಸಿಗಲೇಬೇಕು. ಹಾಗಿದ್ದರೂ ಕೊಳಚೆಯನ್ನು ಒಂದು ಕಡೆ ಸೇರಿಸಿ, ಶುದ್ಧಮಾಡಿ, ಉಪಯೋಗಕ್ಕೆ ತರಬಹುದು ಎಂಬುದು ಅದರಿಂದ ರುಜುವಾತಾಗಿದೆ.

ಮಳೆಗೆ ಜಾಗ ಬಿಡದ ನೆಲ

ಒಂದು ಎಕರೆ ನೆಲದ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು. ಹೊಲವಾಗಿದ್ದಾಗ ಅದರಲ್ಲಿ ಬಹುಪಾಲು ಇಂಗುತ್ತಿತ್ತು, ಉಳಿದದ್ದು ಬದು ದಾಟಿ ನಿಧಾನವಾಗಿ ಕೆರೆಗೆ ಹೋಗುತ್ತಿತ್ತು. ಹತ್ತು ಎಕರೆಗೆ ಕಾಂಕ್ರೀಟು ಹೊದಿಸಿದರೆ ಒಂದೇ ಗಂಟೆಯಲ್ಲಿ ಹತ್ತು ಲಕ್ಷ ಲೀಟರ್ ಬೀದಿಗೆ ನುಗ್ಗುತ್ತದೆ. ಐನೂರು ಮನೆಗಳಿಗೆ ಮೂರು ದಿನಕ್ಕೂ ಮಿಕ್ಕಿ ಸಾಲುವಷ್ಟು ನೀರು ಅದು.

ಬೆಂಗಳೂರಿನ ಹಿರಿಯರು ಕಟ್ಟಿದ್ದು ಸರಪಳಿ ಕೆರೆಗಳನ್ನು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳ ಉದ್ದಕ್ಕೂ ಇದೇ ಜೋಡಣೆ. ನಡುವಿನ ಒಂದು ಕಾಲುವೆ ಮುಚ್ಚಿದರೆ ಮೇಲಿನವರಿಗೆ ಪ್ರವಾಹ, ಕೆಳಗಿನ ಕೆರೆಗೆ ಬರ.

ಹೀಗಿದ್ದೂ ಕೆರೆ, ಕಾಲುವೆಗಳ ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕೆಂಬುದು ವರ್ಷಗಟ್ಟಲೆ ನ್ಯಾಯಾಲಯದ ವ್ಯಾಜ್ಯವಾಯಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್ ಬಿಡಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿ, ಮಾಸ್ಟರ್ ಪ್ಲಾನ್‌ನಲ್ಲಿದ್ದ 30 ಮೀಟರನ್ನೇ ಎತ್ತಿಹಿಡಿಯಿತು. ಕಾನೂನಿನ ವಿಷಯವನ್ನು ನ್ಯಾಯಾಲಯ ತೀರ್ಮಾನಿಸಿತು. ನೀರು ಎಲ್ಲಿ ಹರಿಯುತ್ತದೆಂಬುದನ್ನು 2022ರ ಸೆಪ್ಟೆಂಬರ್ ತೋರಿಸಿತು.

ಆ ಮಾಸ್ಟರ್ ಪ್ಲಾನಾದರೂ ಯಾವುದು? 2015ರವರೆಗಿನದು. 2031ರ ಕರಡನ್ನು 2017ರಲ್ಲಿ ಪ್ರಕಟಿಸಿ, ಆಮೇಲೆ ಕೈಬಿಟ್ಟರು. ಅವಧಿ ಮುಗಿದ ನಕ್ಷೆ ಹಿಡಿದುಕೊಂಡು ಇಷ್ಟು ದೊಡ್ಡ ನಗರ ಬೆಳೆಯುತ್ತಿದೆ.

ರಸ್ತೆಯ ಕಥೆಯೂ ಬೇರೆಯಲ್ಲ. 2007ರಲ್ಲಿ ಅಂತಿಮ ಅಧಿಸೂಚನೆ ಕಂಡ ಪೆರಿಫೆರಲ್ ರಿಂಗ್ ರೋಡು ಹೆಸರು ಬದಲಾಯಿಸಿಕೊಂಡರೂ ನೆಲಕ್ಕಿಳಿದಿಲ್ಲ. ಅದರ ದಾರಿಯಲ್ಲಿ ಜಮೀನಿರುವ ರೈತರು ಮಾರಲೂ ಆಗದೆ, ಕಟ್ಟಲೂ ಆಗದೆ ಇಷ್ಟು ವರ್ಷ ಕಾದಿದ್ದಾರೆ. ಪಣತ್ತೂರಿನ ಇಕ್ಕಟ್ಟಾದ ರೈಲ್ವೆ ಕೆಳಸೇತುವೆಯ ಮುಂದೆ ಶಾಲಾ ವಾಹನಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಹೊರವರ್ತುಲ ರಸ್ತೆಯ ಉದ್ದಕ್ಕೂ ಟೆಕ್ ಪಾರ್ಕುಗಳು ತುಂಬಿ ಎಷ್ಟೋ ವರ್ಷವಾದ ಮೇಲೆ, 2021ರಲ್ಲಿ, ಅಲ್ಲಿನ ಮೆಟ್ರೊ ಮಾರ್ಗಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿತು.

ಮೊದಲು ಮೋರಿ, ಆಮೇಲೆ ಮನೆ

ಹೀಗೇ ಆಗಬೇಕೆಂದೇನೂ ಇರಲಿಲ್ಲ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸತ್ತರು. ಆ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳನ್ನು ನೋಡಿ. ಅಗಲ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಚರಂಡಿ, ಉದ್ಯಾನ ಎಲ್ಲವನ್ನೂ ಮೊದಲು ಗುರುತು ಮಾಡಿ ನಿವೇಶನ ಕೊಟ್ಟರು. ಇಂದು ಆ ಬಡಾವಣೆಗಳನ್ನು ಹೊಗಳುವವರು ಮರಗಳನ್ನು ಹೊಗಳುತ್ತಾರೆ. ನಾನು ಹೊಗಳುವುದು ಕೆಲಸ ಮಾಡಿದ ಕ್ರಮವನ್ನು.

ಆ ಕ್ರಮ ಸರ್ಕಾರಿ ಬಡಾವಣೆಗಳಲ್ಲೇ ತಪ್ಪಿಹೋಗಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ 2016ರಿಂದ ನಿವೇಶನ ಹಂಚಿದರು. ಹಣ ಕಟ್ಟಿ, ಮನೆ ಕಟ್ಟಿಕೊಂಡು ಹೋದವರು ರಸ್ತೆ, ನೀರು, ಕರೆಂಟಿಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು. ಸರ್ಕಾರವೇ ಹೀಗೆ ಮಾಡಿದರೆ ರೆವಿನ್ಯೂ ಸೈಟು ಮಾರುವವರಿಗೆ ಬುದ್ಧಿ ಹೇಳುವುದು ಹೇಗೆ?

2019ರ ಜೂನ್‌ನಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರು ಐದು ವರ್ಷ ಹೊಸ ಅಪಾರ್ಟ್‌ಮೆಂಟುಗಳಿಗೆ ತಡೆ ಹಾಕುವ ಆಲೋಚನೆಯಿದೆ ಎಂದರು. ನೀರಿನ ಕೊರತೆಯೇ ಕಾರಣ. ಬಿಲ್ಡರುಗಳು ವಿರೋಧಿಸಿದರು, ಮಾತು ಅಲ್ಲಿಗೇ ನಿಂತಿತು. ನನಗೂ ತಡೆ ಸರಿಯೆನಿಸುವುದಿಲ್ಲ. ಕೆಲಸ ಹುಡುಕಿ ಬರುವವರನ್ನು ಯಾವ ಆದೇಶವೂ ನಿಲ್ಲಿಸದು. ಮನೆ ಕಡಿಮೆಯಾದರೆ ಬಾಡಿಗೆ ಏರುತ್ತದೆ, ಏಟು ಬೀಳುವುದು ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ, ಡೆಲಿವರಿ ಹುಡುಗರಿಗೆ.

ಮನೆ ಕಟ್ಟಿದಮೇಲೆ ಕೊನೆಯಲ್ಲಿ ಹಿಡಿಯುವುದರಿಂದಲೂ ಫಲ ಅಷ್ಟಕ್ಕಷ್ಟೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ವಾಸಯೋಗ್ಯ ಪತ್ರ (ಒಸಿ) ಅಥವಾ ಕಾಮಗಾರಿ ಪೂರ್ಣಗೊಂಡ ಪತ್ರವಿಲ್ಲದ ಕಟ್ಟಡಕ್ಕೆ ನೀರು, ಕರೆಂಟು, ಒಳಚರಂಡಿ ಸಂಪರ್ಕ ಕೊಡಬಾರದೆಂದಿತು. ಉದ್ದೇಶ ಒಳ್ಳೆಯದೇ. ಆದರೆ ಇಲ್ಲಿ ಸಿಕ್ಕಿಬಿದ್ದವರು ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದ ಸಾವಿರಾರು ಮಂದಿ. ಕೊನೆಗೆ 1,200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬೇಕಾಯಿತು.

> ಅಗ್ರಿಮೆಂಟಿಗೆ ಸಹಿ ಹಾಕುವ ಮುನ್ನ ಕೇಳಿ
>
> ಕಾವೇರಿ ಕೊಳವೆ ಗೇಟಿನವರೆಗೆ ಬಂದಿದೆಯೇ, ಬರಲಿದೆಯೇ? ಸಂಪರ್ಕದ ಶುಲ್ಕ ಕಟ್ಟುವವರು ಯಾರು? ಬರಹದಲ್ಲಿ ಪಡೆಯಿರಿ.
>
> ಕಳೆದ ಏಪ್ರಿಲ್‌ನಲ್ಲಿ ಪಕ್ಕದ ಕಟ್ಟಡಕ್ಕೆ ಎಷ್ಟು ಟ್ಯಾಂಕರ್ ಬಂತು? ಅಲ್ಲಿನ ನಿವಾಸಿಗಳನ್ನೇ ವಿಚಾರಿಸಿ.
>
> ಒಳಚರಂಡಿ ಮುಖ್ಯ ಕೊಳವೆಗೆ ಸೇರುತ್ತದೆಯೇ? ಎಸ್‌ಟಿಪಿ ಇದ್ದರೆ ನಡೆಯುತ್ತಿದೆಯೇ?
>
> ಹಳೆಯ ಗ್ರಾಮನಕ್ಷೆಯಲ್ಲಿ ಜಾಗದ ಮೇಲೆ ಕಾಲುವೆ, ಹಳ್ಳ, ಕೆರೆ ಇದೆಯೇ?
>
> ಒಸಿ ಸಿಕ್ಕಿದೆಯೇ? ಖಾತೆ ಎ ಯೋ ಬಿ ಯೋ?

ಕೂಡಿಸುವವರು ಬೇಕು

ನಿಜವಾದ ತೊಡಕು ಅನುಮತಿ ಕೊಡುವ ರೀತಿಯಲ್ಲಿದೆ. ಒಂದು ದೊಡ್ಡ ಕಟ್ಟಡಕ್ಕೆ ಜಲಮಂಡಳಿ, ಬೆಸ್ಕಾಂ, ಅಗ್ನಿಶಾಮಕ, ಮಾಲಿನ್ಯ ನಿಯಂತ್ರಣ ಮಂಡಳಿ ಹೀಗೆ ಸಾಲು ಸಾಲು ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. ಒಬ್ಬೊಬ್ಬರೂ ಮುಂದಿರುವ ಕಡತವನ್ನು ಮಾತ್ರ ನೋಡುತ್ತಾರೆ. ಈ ಒಂದು ಕಟ್ಟಡದಿಂದ ದೊಡ್ಡ ತೊಂದರೆ ಕಾಣದು, ಸಹಿ ಬೀಳುತ್ತದೆ. ಪಕ್ಕದ ಕಡತಕ್ಕೂ ಹಾಗೆಯೇ. ಅದೇ ಕಣಿವೆಯಲ್ಲಿ, ಅದೇ ರಾಜಕಾಲುವೆಯ ಮೇಲೆ, ಅದೇ ರಸ್ತೆಯ ಪಕ್ಕದಲ್ಲಿ ಈಗಾಗಲೇ ಎಷ್ಟು ಮನೆಗಳಿಗೆ ಒಪ್ಪಿಗೆ ಕೊಟ್ಟಿದ್ದೇವೆ, ಇನ್ನೆಷ್ಟಕ್ಕೆ ಜಾಗವಿದೆ ಎಂಬ ಮೊತ್ತ ಯಾವ ಕಡತದಲ್ಲೂ ಇರುವುದಿಲ್ಲ.

ಆ ಮೊತ್ತವನ್ನು ಕಣಿವೆವಾರು ಬರೆದಿಡಬೇಕು, ಎಲ್ಲರಿಗೂ ಕಾಣುವಂತೆ ಇಡಬೇಕು. ಕೊಳವೆಯ ಶಕ್ತಿ ಇಷ್ಟು, ಶುದ್ಧೀಕರಣ ಘಟಕದ ಶಕ್ತಿ ಇಷ್ಟು, ಕೊಟ್ಟ ಅನುಮತಿ ಇಷ್ಟು, ಉಳಿದದ್ದು ಇಷ್ಟು. ಉಳಿದದ್ದು ಸೊನ್ನೆಯಾದರೆ ಮುಂದಿನ ಕಡತ ಕಾಯಬೇಕು, ಇಲ್ಲವೇ ಬಿಲ್ಡರೇ ಹಣ ಹಾಕಿ ಶಕ್ತಿ ಹೆಚ್ಚಿಸಬೇಕು. ಬೆಟರ್‌ಮೆಂಟ್ ಚಾರ್ಜೆಂದು ಕಟ್ಟಿಸಿಕೊಂಡ ದುಡ್ಡು ಅದೇ ಕಣಿವೆಯ ಕೊಳವೆಗೆ ಖರ್ಚಾಗಬೇಕು. 2009ರಿಂದ ಕಡ್ಡಾಯವಾಗಿರುವ ಮಳೆನೀರು ಸಂಗ್ರಹ ತೋರಿಕೆಯ ಪೈಪಾಗಿ ಉಳಿಯದೆ ಸಂಪಿಗೆ, ಇಂಗುಗುಂಡಿಗೆ ನೀರಿಳಿಸಬೇಕು.

ಈ ಕೆಲಸ ಯಾರದು ಎಂಬ ಪ್ರಶ್ನೆಗೆ ಈಗ ನೆಪ ಕಡಿಮೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. 2025ರ ಸೆಪ್ಟೆಂಬರ್‌ನಿಂದ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ಪಾಲಿಕೆಗಳಾಗಿವೆ. ಕಣಿವೆಗಳು ಈ ಐದು ಗಡಿಗಳನ್ನು ಲೆಕ್ಕಿಸದೆ ಹರಿಯುತ್ತವೆ. ಹಾಗಾಗಿ ಮೊತ್ತ ಹಾಕುವ ಹೊಣೆ ಮೇಲಿನ ಪ್ರಾಧಿಕಾರದ್ದೇ.

ಕಾಲವೂ ಹೆಚ್ಚಿಲ್ಲ. ಐದನೇ ಹಂತವೊಂದೇ ವರ್ಷಕ್ಕೆ ಸುಮಾರು 10 ಟಿಎಂಸಿ ಎಳೆಯುತ್ತದೆ. 2018ರ ಫೆಬ್ರವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ. ಮಂಡ್ಯದ ಗದ್ದೆಗಳಿಗೂ ತಮಿಳುನಾಡಿಗೂ ಹಂಚಿಹೋದ ನದಿಯಿಂದ ಇನ್ನೆಷ್ಟು ಹಂತ ಎತ್ತಲು ಸಾಧ್ಯ?

ಬಿಡದಿಯ ಬಳಿ ಸಾವಿರಾರು ಎಕರೆಯಲ್ಲಿ ಹೊಸ ಟೌನ್‌ಶಿಪ್ ಕಟ್ಟುವ ಪ್ರಸ್ತಾಪವಿದೆ, ಜಮೀನು ಕೊಡಲು ಒಲ್ಲದ ರೈತರು ಹೋರಾಡುತ್ತಿದ್ದಾರೆ. ಅಲ್ಲಿ ಸೈಟಿನ ಕಲ್ಲು ನೆಡುವ ಮೊದಲು ಸರ್ಕಾರ ಎರಡು ಅಂಕಿಗಳನ್ನು ಆ ರೈತರ ಮುಂದೆ, ನಾಳೆ ಮನೆ ಕೊಳ್ಳುವವರ ಮುಂದೆ ಇಡಲಿ. ಆ ಊರಿಗೆ ದಿನಕ್ಕೆ ಎಷ್ಟು ನೀರು ಯಾವ ಮೂಲದಿಂದ ಬರುತ್ತದೆ, ಅಲ್ಲಿಂದ ಎಷ್ಟು ಕೊಳಚೆ ಯಾವ ಘಟಕಕ್ಕೆ ಹೋಗುತ್ತದೆ. ಆ ಕೊಳವೆ, ಆ ಘಟಕ ಎರಡೂ ನೆಲದ ಮೇಲೆ ಕೆಲಸ ಶುರುಮಾಡುವವರೆಗೆ ಒಂದು ನಿವೇಶನವನ್ನೂ ಹರಾಜು ಹಾಕದಿರಲಿ.